ಐವತ್ತೈದು ನಿಮಿಷದ ದಾರಿ

ಆ ಸಣ್ಣ ವಿಮಾನ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುತ್ತಿದ್ದವನಿಗೆ ಅಲ್ಲಿಯವರು ಇಟ್ಟಿದ್ದ ಅಡ್ಡಹೆಸರು ಮೈಲಿಗಲ್ಲು. ದೂರಗಳೆಲ್ಲ ಅವನ ನಾಲಗೆಯ ತುದಿಯಲ್ಲಿರುತ್ತವೆ ಎಂಬ ಮೆಚ್ಚುಗೆಯಿಂದ ಇಟ್ಟ ಹೆಸರದು. ಮೈಲಿಗಲ್ಲು ಹೋಗಿಬರುವವರಿಗೆಲ್ಲ ದೂರ ಹೇಳುತ್ತದೆ, ತಾನು ಮಾತ್ರ ಹುಗಿದ ಜಾಗದಿಂದ ಅಲ್ಲಾಡುವುದಿಲ್ಲ ಎಂಬುದು ಹೆಸರಿಟ್ಟ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ. ಅವನಿಗೆ ಮೊದಲ ದಿನವೇ ಹೊಳೆದಿತ್ತು. ಹಾಗೆ ಕರೆದಾಗಲೆಲ್ಲ ಎಲ್ಲರ ಜೊತೆ ತಾನೂ ನಗುತ್ತಿದ್ದ, ಆಮೇಲೆ ಏನೋ ಹುಡುಕುವವನಂತೆ ಡ್ರಾಯರಿನೊಳಗೆ ತಲೆ ಹಾಕುತ್ತಿದ್ದ.

ಇಪ್ಪತ್ತೊಂದು ವರ್ಷದಿಂದ ಅದೇ ಕುರ್ಚಿ. ನಿಲ್ದಾಣವೆಂದರೆ ಒಂದು ಹಜಾರ, ನಾಲ್ಕು ಸಾಲು ಕಬ್ಬಿಣದ ಕುರ್ಚಿ, ಒಂದು ತೂಕದ ಯಂತ್ರ, ತೆಗೆದಾಗಲೆಲ್ಲ ಕಿರುಗುಟ್ಟುವ ಒಂದು ಗಾಜಿನ ಬಾಗಿಲು. ದಿನಕ್ಕೆ ಒಂದೇ ವಿಮಾನ. ರೆಕ್ಕೆಗೊಂದರಂತೆ ಎರಡು ಫ್ಯಾನಿದ್ದ ಅದು ಬೆಳಿಗ್ಗೆ ಹತ್ತು ಹತ್ತಕ್ಕೆ ಹೊರಟು ಆಚೆ ಊರಿನ ಇಷ್ಟೇ ಸಣ್ಣ ನಿಲ್ದಾಣಕ್ಕೆ ಹೋಗುತ್ತಿತ್ತು, ಅಲ್ಲಿ ಒಂದಿಷ್ಟು ಹೊತ್ತು ಸುಧಾರಿಸಿಕೊಂಡು ವಾಪಸ್ಸು ಬರುತ್ತಿತ್ತು. ಹಾಗಾಗಿ ಕೌಂಟರಿಗೆ ಬಂದವರು ಕೇಳುವುದೂ ಒಂದೇ ಪ್ರಶ್ನೆ.

“ಆಚೆ ಊರಿಗೆ ಎಷ್ಟು ಹೊತ್ತಾಗುತ್ತೆ ಸಾರ್?”

“ಗಾಳೀಲಿ ಮುನ್ನೂರ ಮೂವತ್ತೆಂಟು ಕಿಲೋಮೀಟರು, ಐವತ್ತೈದು ನಿಮಿಷ. ರಸ್ತೇಲಿ ಬೆಟ್ಟ ಸುತ್ಕೊಂಡು ನಾನೂರ ಎಪ್ಪತ್ತು, ಬಸ್ಸಿಗೆ ಒಂಬತ್ತು ಗಂಟೆ. ಸೊಂಟ ನಿಮ್ದು, ನೀವೇ ಯೋಚನೆ ಮಾಡಿ.”

ಕೇಳಿದವರು ನಕ್ಕು ಇನ್ನೂ ಅಲ್ಲೇ ನಿಂತರೆ ಮುಗಿಯಿತು, ಪಾಠ ಶುರು. ಐವತ್ತೈದು ಎಂದರೆ ಪೂರ್ತಿ ಹಾರಾಟವಲ್ಲ. ಏಳು ನಿಮಿಷ ನೆಲದ ಮೇಲೆ ಉರುಳುವುದು, ಹದಿಮೂರು ನಿಮಿಷ ಏರುವುದು, ಹದಿನಾಲ್ಕು ನಿಮಿಷ ಸಮನಾಗಿ ಹೋಗುವುದು, ಹದಿನೈದು ನಿಮಿಷ ಇಳಿಯುವುದು, ಆಮೇಲೆ ಆರು ನಿಮಿಷ ಮತ್ತೆ ನೆಲ. ಏರುವಾಗ ಬಲಗಡೆ ಕಲ್ಲಿನ ಕ್ವಾರಿ ಕಾಣುತ್ತದೆ, ಸಮನಾದ ಮೇಲೆ ಕೆಳಗೆ ನದಿ. ಇಳಿಯುವಾಗ ಕಿವಿ ಕಟ್ಟುತ್ತದೆ, ಎಂಜಲು ನುಂಗುತ್ತಿರಬೇಕು. ಹೀಗೆನ್ನುತ್ತ ಕೌಂಟರಿನ ಮೇಲಿನ ಡಬ್ಬಿಯಿಂದ ಒಂದು ಪೆಪ್ಪರ್‌ಮಿಂಟು ತೆಗೆದು ಅವರ ಕೈಗಿಡುತ್ತಿದ್ದ. ಮೊದಲ ಸಲ ವಿಮಾನ ಹತ್ತುವ ಮುದುಕಿಯರು ಅವನನ್ನು ಬಾಯಿ ತುಂಬ ಹರಸಿ ಹೋಗುತ್ತಿದ್ದರು.

ಇದನ್ನೆಲ್ಲ ಅವನು ಪೈಲಟ್ಟುಗಳಿಂದ, ಗಗನಸಖಿಯರಿಂದ, ಇಳಿದು ಬಂದವರಿಂದ ಕೇಳಿ ಕಲಿತಿದ್ದ. ಮೈಲಿಗಲ್ಲು ಈ ಜನ್ಮದಲ್ಲಿ ಒಂದು ಸಲವೂ ವಿಮಾನ ಹತ್ತಿರಲಿಲ್ಲ.

ಹೆದರಿಕೆ, ಅಷ್ಟೇ. ಯಾವ ಅಪಘಾತವನ್ನೂ ಕಣ್ಣಾರೆ ಕಂಡವನಲ್ಲ, ಯಾರನ್ನೂ ಕಳೆದುಕೊಂಡವನಲ್ಲ. ವಿಮಾನದ ಆರು ಮೆಟ್ಟಿಲಿನ ಬುಡಕ್ಕೆ ಹೋದರೆ ಕಾಲು ಅಲ್ಲಿಂದ ಮುಂದಕ್ಕೆ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲೇ “ನಂಗೆ ಭಯ ಕಣ್ರಪ್ಪಾ” ಎಂದಿದ್ದರೆ ಜನ ಒಂದು ವಾರ ನಕ್ಕು ಮರೆತುಬಿಡುತ್ತಿದ್ದರು. ನಾಳೆ ಹೇಳಿದರಾಯಿತು ಎಂದು ಮುಂದೂಡುತ್ತ ಹೋದ. ಹೇಳಬಹುದಾದ ದಿನಗಳೆಲ್ಲ ದಾಟಿಹೋದವು, ಹೇಳಲಾಗದ ವರ್ಷಗಳು ಬಂದವು. ಕಂಪನಿಯವರು ವರ್ಷಕ್ಕೆ ಎರಡು ಸ್ಟಾಫ್ ಟಿಕೆಟ್ ಕೊಡುತ್ತಿದ್ದರು. ಅವು ಡ್ರಾಯರಿನಲ್ಲೇ ಅವಧಿ ಮುಗಿದು ಸಾಯುತ್ತಿದ್ದವು.

ಆಚೆ ಊರಿನಲ್ಲಿ ಅವನ ಅಕ್ಕನ ಮನೆ. ಭಾವ ಅಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವರು, ಮಾತು ಕಡಿಮೆ, ಸಿಟ್ಟು ಅದಕ್ಕಿಂತ ಕಡಿಮೆ. ಅಮ್ಮ ಅವರ ಜೊತೆಯಲ್ಲೇ ಇದ್ದಳು. ದಿನಾ ಸಂಜೆ ಫೋನಿನಲ್ಲಿ ಅಮ್ಮನಿಗೆ ಮಗನ ವಿಮಾನದ ಕಥೆ ಬೇಕು. ಇವತ್ತು ಎಷ್ಟು ಜನ ಹತ್ತಿದರು, ಸರಿಯಾದ ಹೊತ್ತಿಗೆ ಹೊರಟಿತೇ, ಎಷ್ಟು ಹೊತ್ತಿಗೆ ಎಲ್ಲಿತ್ತು. ಏಳು, ಹದಿಮೂರು, ಹದಿನಾಲ್ಕು, ಹದಿನೈದು, ಆರು ಎಂಬ ಲೆಕ್ಕ ಅವಳಿಗೆ ಮಗ್ಗಿಯಂತೆ ಬಾಯಿಪಾಠವಾಗಿತ್ತು. “ನಂಗೇನಮ್ಮಾ, ಐವತ್ತೈದು ನಿಮಿಷದ ದಾರಿ. ನೀನು ಕರೆದ್ರೆ ಬಂದ್ಬಿಟ್ಟೆ” ಎಂದು ಅವನು ಹೇಳುತ್ತಿದ್ದ. ಅಮ್ಮ ಅದನ್ನೇ ಅಕ್ಕಪಕ್ಕದ ಮನೆಯವರಿಗೆ ಹೇಳಿಕೊಂಡು ಬೀಗುತ್ತಿದ್ದಳು.

ಹೋಗುತ್ತಿದ್ದುದು ಮಾತ್ರ ಬಸ್ಸಿನಲ್ಲಿ. ಬಸ್ಸು ಆಚೆ ಊರು ತಲುಪುವಾಗ ಬೆಳಿಗ್ಗೆ ಆರೂವರೆ. ವಿಮಾನ ಇಳಿಯುವುದು ಹನ್ನೊಂದು ಐದಕ್ಕೆ, ಅಲ್ಲಿಂದ ಅಕ್ಕನ ಮನೆಗೆ ನಲವತ್ತು ನಿಮಿಷ. ಹಾಗಾಗಿ ಈ ಮಹಾನುಭಾವ ಬಸ್ ನಿಲ್ದಾಣದ ಬೆಂಚಿನ ಮೇಲೆ ಐದು ಗಂಟೆ ಕೂತು ಕಾಲ ಕಳೆಯಬೇಕಿತ್ತು. ನಲ್ಲಿಯಲ್ಲಿ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿಗೆ ಬದಲಾಯಿಸಿ, ಬ್ಯಾಗಿನ ಹಿಡಿಗೆ ನಿಲ್ದಾಣದ ಲಗೇಜು ಚೀಟಿ ಅಂಟಿಸಿಕೊಂಡು, ಹನ್ನೊಂದು ನಲವತ್ತೈದಕ್ಕೆ ಸರಿಯಾಗಿ ಅಕ್ಕನ ಬಾಗಿಲು ತಟ್ಟುತ್ತಿದ್ದ. “ಕಿವಿ ನೋಯ್ತೇನೋ ಪುಟ್ಟಾ?” ಎಂದು ಅಮ್ಮ ಕೇಳುತ್ತಿದ್ದಳು. ಚಿಕ್ಕಂದಿನಲ್ಲಿ ಅವನಿಗೆ ಕಿವಿನೋವು ಜಾಸ್ತಿ. ಅಮ್ಮ ಬಟ್ಟೆ ಬಿಸಿ ಮಾಡಿ ಒತ್ತಿ ಒತ್ತಿ ರಾತ್ರಿಯೆಲ್ಲ ಕೂರುತ್ತಿದ್ದಳು. “ಸ್ವಲ್ಪ ನೋಯ್ತಮ್ಮ” ಎನ್ನುತ್ತಿದ್ದ ಮಗರಾಯ. ಹಾಗನ್ನುವಾಗ ಅವಳ ಮುಖ ನೋಡುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಏಳು ವರ್ಷದ ಹಿಂದಿನ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. “ಅಮ್ಮನಿಗೆ ಮೇಲುಸಿರು ಶುರುವಾಗಿದೆ. ನಿನ್ನನ್ನೇ ಕೇಳ್ತಿದಾಳೆ. ಡಾಕ್ಟ್ರು ಇವತ್ತು ಮಧ್ಯಾಹ್ನ ದಾಟೋದು ಕಷ್ಟ ಅಂದ್ರು.” ಆಗ ಗಂಟೆ ಏಳು. ಅವನು ರಜೆ ಹೇಳಿ, ಸ್ಟಾಫ್ ಟಿಕೆಟ್ ಮಾಡಿಸಿ, ಬೋರ್ಡಿಂಗ್ ಪಾಸ್ ತೆಗೆದುಕೊಂಡು, ಅಕ್ಕನಿಗೆ ಫೋನ್ ಮಾಡಿ “ಹತ್ತು ಹತ್ತರ ವಿಮಾನಕ್ಕೆ ಹತ್ತುತಾ ಇದೀನಿ” ಎಂದ. ನಿಜವಾಗಿಯೂ ಹತ್ತಬೇಕೆಂದೇ ಹೊರಟಿದ್ದ. ಸಾಲಿನಲ್ಲಿ ನಡೆದ. ಮುಂದಿನವರೆಲ್ಲ ಒಬ್ಬೊಬ್ಬರಾಗಿ ಮೇಲೆ ಹೋದರು. ಅವನ ಎದುರಿಗೆ ಆ ಆರು ಮೆಟ್ಟಿಲು ಉಳಿದವು. ಅಮ್ಮ ಸಾಯುತ್ತಿದ್ದಾಳೆ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡ. ಆಮೇಲೆ, ಹೇಳಲು ನಾಚಿಕೆಯಾಗಬೇಕು, ಕಾಲಿಗೆ ಬುದ್ಧಿ ಹೇಳಿದ. ಸೀದಾ ಬಸ್ ನಿಲ್ದಾಣಕ್ಕೆ ಓಡಿ ಹನ್ನೊಂದರ ಬಸ್ಸು ಹತ್ತಿ ಫೋನು ಆರಿಸಿದ.

ಅಕ್ಕನ ಮನೆ ತಲುಪುವಾಗ ರಾತ್ರಿ ಎಂಟು ದಾಟಿತ್ತು. ಅಮ್ಮ ಮಧ್ಯಾಹ್ನವೇ ಹೋಗಿದ್ದಳು. ಬಾಗಿಲಲ್ಲಿ ಭಾವ ನಿಂತಿದ್ದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಸುಳ್ಳನ್ನು ಅವನು ಹೊಸಿಲಲ್ಲೇ ಬಿಚ್ಚಿದ. “ಭಾರ ಜಾಸ್ತಿ ಆಯ್ತು ಭಾವ. ಸಣ್ಣ ವಿಮಾನ ನೋಡಿ, ಭಾರ ಜಾಸ್ತಿ ಆದ್ರೆ ಸ್ಟಾಫ್ ಟಿಕೆಟ್‌ನವರನ್ನೇ ಮೊದ್ಲು ಇಳಿಸ್ತಾರೆ. ನನ್ನನ್ನೂ ಇಳಿಸ್ಬಿಟ್ರು.” ಅಂಥ ಪದ್ಧತಿ ನಿಜಕ್ಕೂ ಇತ್ತು. ಭಾವ ಅವನನ್ನು ಸ್ವಲ್ಪ ಹೊತ್ತು ನೋಡಿ “ಹೌದಾ? ಕೈಕಾಲು ತೊಳ್ಕೊಂಡು ಒಳಗೆ ಬಾ” ಎಂದರು. ಅಕ್ಕ ಟವೆಲ್ಲು ತಂದುಕೊಟ್ಟಳು. ಎಲ್ಲರೂ ನಂಬಿದರು ಎಂದುಕೊಂಡ. ಹಾಗೆಂದುಕೊಂಡೇ ಏಳು ವರ್ಷ ಅನ್ನ ತಿಂದ.

ಈಗ ಎರಡು ತಿಂಗಳ ಹಿಂದೆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಒಳ್ಳೆಯ ಮೂಳೆ ಡಾಕ್ಟರು ಇದ್ದದ್ದು ತಮ್ಮನ ಊರಿನಲ್ಲಿ. ಆಂಬ್ಯುಲೆನ್ಸಿನಲ್ಲಿ ಮಲಗಿಸಿ ಕರೆತಂದು, ಆಪರೇಷನ್ ಮಾಡಿಸಿ, ಆರು ವಾರ ತಮ್ಮನ ಮನೆಯಲ್ಲಿ ಇರಿಸಿಕೊಂಡದ್ದಾಯಿತು. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾದ ಮೇಲೆ ಅವಳು ಮನೆಗೆ ಹೋಗಬೇಕೆಂದು ಹಟ ಹಿಡಿದಳು. ಡಾಕ್ಟರು ಕಾಗದದ ಮೇಲೆ ಬರೆದೇ ಕೊಟ್ಟರು. ರಸ್ತೆ ಬೇಡ, ವಿಮಾನದಲ್ಲೇ ಹೋಗಬೇಕು, ಪಕ್ಕದಲ್ಲಿ ಮನೆಯವರೊಬ್ಬರು ಇರಬೇಕು.

“ನಾನು ಹೋಗ್ಬರ್ತೀನಿ ಬಿಡಿ” ಎಂದಳು ಅವನ ಹೆಂಡತಿ. ಹೆದರಿಕೆಯ ವಿಷಯವನ್ನು ಅವನು ಬಾಯಿ ಬಿಟ್ಟು ಹೇಳಿದ್ದು ಅವಳೊಬ್ಬಳಿಗೇ.

“ಬೇಡಮ್ಮ, ಅವನೇ ಬರ್ಲಿ” ಎಂದಳು ಅಕ್ಕ. ಹಾಸಿಗೆಯ ಮೇಲೆ ಕೂತು ಕೂದಲು ಬಾಚಿಕೊಳ್ಳುತ್ತಿದ್ದಳು. “ವಿಮಾನದ ವಿಷಯ ಅವನಿಗೆ ಗೊತ್ತಿದ್ದಷ್ಟು ಯಾರಿಗ್ ಗೊತ್ತಿದೆ?”

ಅಡುಗೆಮನೆಯಲ್ಲಿ ಹೆಂಡತಿ ಅವನನ್ನು ತರಾಟೆಗೆ ತೆಗೆದುಕೊಂಡಳು. “ಇನ್ನೂ ಎಷ್ಟು ದಿನ ರೀ ಕಾಗೆ ಹಾರಿಸ್ತೀರಾ? ಭಯ ಅಂತ ಹೇಳ್ಬಿಡಿ. ಭಯ ಏನು ಕಳ್ಳತನಾನಾ?”

“ಭಯ ಹೇಳ್ಬೋದು ಕಣೇ.” ಅವನು ದನಿ ತಗ್ಗಿಸಿದ. “ಅದು ಹೇಳಿದ್ರೆ ಅವತ್ತಿಂದೂ ಹೇಳ್ಬೇಕಾಗುತ್ತೆ. ಅಮ್ಮ ಹೋದ ದಿನದ್ದು.”

ಹೆಂಡತಿಗೂ ಅವನು ಭಾರದ ಕಥೆಯನ್ನೇ ಹೇಳಿದ್ದ. ಅವಳು ತೊಳೆಯುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಹೋದಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಹೊರಡುವ ದಿನ ನಿಲ್ದಾಣದಲ್ಲಿ ಸಂಭ್ರಮವೋ ಸಂಭ್ರಮ. “ಓಹೋ, ಮೈಲಿಗಲ್ಲು ಹೊರಟೇ ಬಿಡ್ತು!” ಎಂದು ಲಗೇಜು ಹೊರುವವನು ಕೂಗಿದ. ತೂಕದ ಯಂತ್ರದವಳು ಅವನ ಬ್ಯಾಗಿಗೆ ಚೀಟಿ ಕಟ್ಟುತ್ತ “ಕಿವಿ ಕಟ್ಟಿದ್ರೆ ಎಂಜಲು ನುಂಗಿ ಸಾರ್” ಎಂದು ಅವನದೇ ಧಾಟಿಯಲ್ಲಿ ಹೇಳಿ ನಗಿಸಿದಳು. ಅವನೂ ನಕ್ಕ. ಕೌಂಟರಿನಲ್ಲಿ ಅವನ ಬದಲಿಗೆ ಕೂತಿದ್ದ ಸಹಾಯಕ ಆಚೆ ಊರಿನ ನಿಲ್ದಾಣಕ್ಕೆ ಫೋನು ಮಾಡಲು ಸಿದ್ಧನಾಗಿದ್ದ. ಅದು ದಿನದ ಕೆಲಸ. ವಿಮಾನ ಹೊರಟ ಕೂಡಲೇ ಎಷ್ಟು ಜನ ಹತ್ತಿದರು, ಎಷ್ಟು ಸೀಟು ಖಾಲಿ, ಪಾಸ್ ತೆಗೆದುಕೊಂಡೂ ಹತ್ತದೆ ಉಳಿದವರು ಯಾರು ಎಂದು ಆ ಕಡೆಗೆ ಹೇಳಬೇಕು. ಆ ಕಡೆಯವನು ಅದನ್ನು ಬರೆದುಕೊಳ್ಳುತ್ತಾನೆ. ಇಪ್ಪತ್ತೊಂದು ವರ್ಷದಲ್ಲಿ ಮೈಲಿಗಲ್ಲು ಆ ಫೋನನ್ನು ಸಾವಿರಾರು ಸಲ ಮಾಡಿದ್ದ. ಆ ಕಡೆಯವನ ಮುಖ ನೋಡಿರಲಿಲ್ಲ, ದನಿ ಮಾತ್ರ ಗುರುತು.

ಅಕ್ಕನನ್ನು ವೀಲ್‌ಚೇರಿನಲ್ಲಿ ಕೂರಿಸಿ ವಿಮಾನದ ಹತ್ತಿರ ತಳ್ಳಿಕೊಂಡು ಹೋದರು. ಇಬ್ಬರು ಆಳುಗಳು ಕುರ್ಚಿಯ ಸಮೇತ ಅವಳನ್ನು ಎತ್ತಿ ಮೇಲೆ ಸಾಗಿಸಿದರು. ಮೈಲಿಗಲ್ಲು ಕೆಳಗೆ ಉಳಿದ. ಅವೇ ಆರು ಮೆಟ್ಟಿಲು. ಏಳು ವರ್ಷದಲ್ಲಿ ಅವುಗಳಿಗೆ ಹೊಸ ಬಣ್ಣ ಬಳಿದಿದ್ದರು ಅಷ್ಟೇ. ಕಾಲು ನಿಂತೇಬಿಟ್ಟಿತು. ಹಿಂದಿನ ಹಜಾರದ ಗಾಜಿಗೆ ಮೂಗು ಒತ್ತಿಕೊಂಡು ನಿಲ್ದಾಣದವರೆಲ್ಲ ಅವನಿಗೆ ಕೈ ಬೀಸುತ್ತಿದ್ದರು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು.

“ಪುಟ್ಟಾ.” ಅಕ್ಕ ಮೇಲೆ ಬಾಗಿಲಲ್ಲಿ ಕುರ್ಚಿಯಿಂದ ಬಗ್ಗಿ ನೋಡುತ್ತಿದ್ದಳು. “ನನ್ ಮಾತ್ರೆ ಚೀಲ ನಿನ್ ಕೈಲೇ ಇದೆ. ತಗೊಂಡ್ ಬಾ.”

ಅವನು ಕೈ ನೋಡಿಕೊಂಡ. ಹೌದು, ಅವಳ ಹೂವಿನ ಚಿತ್ರದ ಬಟ್ಟೆ ಚೀಲ. ಅದನ್ನು ಕೊಡಬೇಕಲ್ಲ ಎಂದುಕೊಂಡು ಹತ್ತಿದ. ಚೀಲದ ಮೇಲೆಯೇ ಕಣ್ಣಿಟ್ಟಿದ್ದರಿಂದ ಆರು ಮೆಟ್ಟಿಲು ಮುಗಿದದ್ದು ತಿಳಿಯಲಿಲ್ಲ.

ಕಿಟಕಿಯ ಪಕ್ಕ ಅಕ್ಕ, ಈ ಕಡೆ ಅವನು. ಗಗನಸಖಿ ಬೆಲ್ಟು ಹಾಕಿಕೊಳ್ಳಲು ಹೇಳಿದಳು. ಎಷ್ಟು ಸಾವಿರ ಜನಕ್ಕೆ ಅವನು ಬೆಲ್ಟಿನ ಪಾಠ ಮಾಡಿದ್ದನೋ! ಈಗ ಒಂದು ತುದಿ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಸೀಟಿನ ಸಂದಿಯಲ್ಲಿ ತಡಕಾಡಿದ, ಆಚೆ ಸೀಟಿನವರ ಬೆಲ್ಟನ್ನು ಎಳೆದ. ಅವರು “ಸಾರ್, ಅದು ನಂದು” ಎಂದರು. ಅವನು ಆ ಇನ್ನೊಂದು ತುದಿಯ ಮೇಲೆಯೇ ಕೂತಿದ್ದ. ಅಕ್ಕ ಅವನ ತೊಡೆಯ ಕೆಳಗಿನಿಂದ ಅದನ್ನು ಎಳೆದು, ಎರಡೂ ತುದಿ ಸೇರಿಸಿ ಟಕ್ಕೆಂದು ಹಾಕಿದಳು. ಶಾಲೆಗೆ ಹೊರಡುವಾಗ ಅವನ ಅಂಗಿಯ ಗುಂಡಿ ಹಾಕುತ್ತಿದ್ದವಳೂ ಅವಳೇ.

“ಇದು ಹೊಸ ಥರದ್ದು. ನಾನು ಬರ್ತಿದ್ದಾಗ ಬೇರೆ ಇತ್ತು” ಎಂದ ಅವನು.

“ಹೂಂ” ಎಂದಳು ಅಕ್ಕ.

ವಿಮಾನ ಅಲ್ಲಾಡಿ ಮುಂದಕ್ಕೆ ಸರಿಯಿತು. ಅವನು ಎರಡೂ ಕೈಯಲ್ಲಿ ಸೀಟಿನ ತೋಳುಗಳನ್ನು ಹಿಡಿದ. ಬೆರಳ ಗಂಟುಗಳು ಬೆಳ್ಳಗಾದವು. “ಇವತ್ಯಾಕೋ ಬೆನ್ನು ಹಿಡ್ಕೊಂಡಿದೆ” ಎಂದು ಕೇಳದೆಯೇ ವಿವರಣೆ ಕೊಟ್ಟ. “ಇಲ್ದಿದ್ರೆ ನಂಗೆ ಇದೆಲ್ಲ ನೀರು ಕುಡಿದ ಹಾಗೆ.”

“ಏಳು ನಿಮಿಷ ನೆಲ” ಎಂದಳು ಅಕ್ಕ, ಕಿಟಕಿಯ ಹೊರಗೆ ನೋಡುತ್ತ. “ಆಮೇಲೆ ಹದಿಮೂರು ಏರೋದು. ಬಲಗಡೆ ಕ್ವಾರಿ ಕಾಣುತ್ತೆ.”

“ನಿಂಗೆ ಹೇಗೆ ಗೊತ್ತು?”

ಫ್ಯಾನುಗಳು ಅಬ್ಬರಿಸಿದವು, ಬೆನ್ನು ಸೀಟಿಗೆ ಒತ್ತಿತು, ನೆಲ ಕಾಲ ಕೆಳಗಿನಿಂದ ಬಿಟ್ಟುಹೋಯಿತು. ಅವನು ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕೂತ. ಇಷ್ಟೇನಾ, ಇಷ್ಟಕ್ಕೇನಾ ಎಂದು ಒಳಗೊಳಗೇ ಯಾರೋ ಕೇಳುತ್ತಿದ್ದರು. ಪ್ರಾಣ ಹೋಗುವಂತಿತ್ತು ನಿಜ, ಆದರೆ ಹೋಗಲಿಲ್ಲ. ಇದಕ್ಕಾಗಿ ಅವನು ಅಮ್ಮನ ಕೊನೆಯ ಮಧ್ಯಾಹ್ನವನ್ನು ಬಿಟ್ಟುಕೊಟ್ಟಿದ್ದ. ಭಯಕ್ಕಿಂತ ನಾಚಿಕೆ ಹೆಚ್ಚಾಗಿ, ಕಣ್ಣು ತೆರೆಯಲು ಅದೇ ಅಡ್ಡವಾಯಿತು.

ವಿಮಾನ ಸಮನಾದ ಮೇಲೆ ಗಗನಸಖಿ ನೀರಿನ ಲೋಟ ತಂದಳು. “ಇವತ್ತು ಒಂದು ಸೀಟೂ ಖಾಲಿ ಇಲ್ಲ ಸಾರ್, ಫುಲ್ಲು” ಎಂದಳು, ಪರಿಚಯದ ಸಲಿಗೆಯಿಂದ.

ಏನಾದರೂ ಮಾತಾಡಬೇಕೆಂದು ಅವನು ಅಕ್ಕನ ಕಡೆ ತಿರುಗಿದ. ಏಳು ವರ್ಷದಿಂದ ರೂಢಿಯಾದ ನಾಲಗೆ, ತಾನಾಗಿ ಹೊರಳಿತು. “ಅವತ್ತೂ ಹೀಗೇ ಆಗಿದ್ದು ಅಕ್ಕ. ಫುಲ್ಲಾಗಿ, ಭಾರ ಜಾಸ್ತಿಯಾಗಿ...”

“ಸಾಕು ಕಣೋ ಪುಟ್ಟಾ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಅವತ್ತು ಹನ್ನೊಂದು ಸೀಟು ಖಾಲಿ ಇತ್ತು.”

ಅವನು ಬಾಯಿಗೆ ತಂದಿದ್ದ ಲೋಟವನ್ನು ಕೆಳಗಿಳಿಸಿದ.

“ನಿಮ್ ಭಾವ ನಮ್ಮೂರಿನ ನಿಲ್ದಾಣಕ್ಕೆ ಗಾಡಿ ತಗೊಂಡು ಹೋಗಿದ್ರು, ನಿನ್ನ ಕರ್ಕೊಂಡು ಹೋಗೋಕೆ. ಎಲ್ರೂ ಇಳಿದು ಬಂದ್ರಂತೆ. ಇವ್ರು ಆ ಗಾಜಿನ ಬಾಗಿಲು ಹತ್ರ ನಿಂತೇ ಇದ್ರಂತೆ. ಬಾಗಿಲು ಹಾಕೋಕೆ ಬಂದಾಗ ಅಲ್ಲಿ ಕೌಂಟರ್‌ನೋನ್ನ ಕೇಳಿದಾರೆ. ಅವನು ಕಾಗದ ನೋಡಿ ಹೇಳ್ದ. ಪಾಸ್ ತಗೊಂಡಿದಾರೆ, ಮೆಟ್ಲು ತನಕ ಬಂದು ವಾಪಸ್ ಹೋಗಿದಾರೆ, ಹನ್ನೊಂದು ಸೀಟು ಖಾಲಿ ಅಂತ. ಆಮೇಲೆ ಇವ್ರು, ಇಷ್ಟು ವರ್ಷ ಬರ್ತಾ ಇದ್ನಲ್ಲ ಅಂದ್ರಂತೆ. ಅವನು ಪಾಪ, ಸಂಕೋಚ ಪಟ್ಕೊಂಡು, ಈ ವಿಮಾನದಲ್ಲಿ ಅವ್ರು ಒಂದು ಸಲಾನೂ ಬಂದಿಲ್ಲ ಸಾರ್ ಅಂದ್ನಂತೆ.”

ಹತ್ತದೆ ಉಳಿದವರ ಹೆಸರು. ಸಾವಿರಾರು ಸಲ ತಾನೇ ಫೋನಿನಲ್ಲಿ ಓದಿ ಹೇಳಿದ್ದು. ಬಸ್ಸಿನಲ್ಲಿ ಒಂಬತ್ತು ಗಂಟೆ ಕೂತು ಅಷ್ಟು ಚೆಂದದ ಸುಳ್ಳು ಹೆಣೆದವನಿಗೆ, ಅವತ್ತು ಆ ಕಾಗದದಲ್ಲಿ ತನ್ನ ಹೆಸರೂ ಇರುತ್ತದೆ ಎಂಬುದು ತಲೆಗೆ ಬಂದಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಗೊತ್ತಿರಲಿಲ್ಲ ಎನ್ನಬಹುದಿತ್ತು. ಅಂದರೆ ಭಾವನಿಗೆ ಗೊತ್ತಿತ್ತು. ಹೊಸಿಲಲ್ಲಿ ನಿಂತು ಅವನು ಭಾರದ ಕಥೆ ಹೇಳುವಾಗ ಗೊತ್ತಿತ್ತು. ಮಾರನೆಯ ದಿನದಿಂದ ಫೋನಿನಲ್ಲಿ ಎಂದಿನಂತೆ “ಹೇಗಿದೀರಾ ಸಾರ್” ಎನ್ನುತ್ತಿದ್ದ ಆ ಕಡೆಯವನಿಗೂ ಗೊತ್ತಿತ್ತು. ಎಲ್ಲರೂ ಅವನ ಮಾನ ಕಾಪಾಡಿಕೊಂಡು ಬಂದಿದ್ದರು. ಅವನೊಬ್ಬನೇ ತಾನು ಜಾಣ ಎಂದುಕೊಂಡಿದ್ದ.

“ಇಷ್ಟು ವರ್ಷ ಯಾಕಕ್ಕ ಹೇಳ್ಲಿಲ್ಲ?” ಎಂದ ಅವನು.

“ನೀನೇ ಹೇಳ್ತೀಯ ಅಂದ್ಕೊಂಡೆ. ಮೊದಲ್ನೇ ವರ್ಷ ಅಂದ್ಕೊಂಡೆ. ಎರಡನೇ ವರ್ಷಾನೂ ಅಂದ್ಕೊಂಡೆ.” ಅಕ್ಕ ಸೆರಗು ಸರಿಮಾಡಿಕೊಂಡಳು. “ಹೆದ್ರಿಕೆಗೆ ನಂಗೇನೂ ಸಿಟ್ಟಿಲ್ಲ. ಬಿದ್ದಾಗಿಂದ ನಂಗೆ ಬಚ್ಚಲು ಕಂಡ್ರೆ ಹೆದ್ರಿಕೆ. ಆದ್ರೆ ಅಮ್ಮ ಹೇಗೆ ಹೋದ್ಲು ಅಂತ ನೀನು ಒಂದಿನಾನೂ ಕೇಳ್ಲಿಲ್ಲ. ಕೇಳಿದ್ರೆ ಸುಳ್ಳು ಕಳಚಿ ಬೀಳುತ್ತೆ ಅಂತ ಕೇಳ್ಲಿಲ್ಲ. ಅದಕ್ಕೆ ನಂಗೆ ಹೊಟ್ಟೆ ಉರೀತು.”

ಅದೂ ನಿಜವೇ. ಅಮ್ಮನ ಮಾತು ಬಂದಾಗಲೆಲ್ಲ ಅವನು ಎದ್ದು ಹೋಗುತ್ತಿದ್ದ, ಇಲ್ಲವೇ ಮಾತು ಬದಲಿಸುತ್ತಿದ್ದ. ದುಃಖ ತಡೆಯಲಾರ ಪಾಪ ಎಂದು ಜನ ಅಂದುಕೊಳ್ಳಲಿ ಎಂದು ಬಿಟ್ಟಿದ್ದ. ಈಗ ಬೆಲ್ಟು ಕಟ್ಟಿತ್ತು, ಎದ್ದು ಹೋಗಲು ಜಾಗವಿರಲಿಲ್ಲ.

“ಹೇಗೆ ಹೋದ್ಲು ಅಕ್ಕ?” ಎಂದು ಕೇಳಿದ.

“ಹತ್ತು ಗಂಟೆಯಿಂದ ನಿನ್ನ ವಿಮಾನದ್ದೇ ಮಾತು. ಗಡಿಯಾರ ನೋಡೋಕಾಗ್ತಿರ್ಲಿಲ್ಲ ಅವಳಿಗೆ, ನಾನೇ ಹೇಳ್ತಿದ್ದೆ. ಈಗ ಹತ್ತಿದ ಅಮ್ಮಾ, ಈಗ ನೆಲದ್ಮೇಲೆ ಹೋಗ್ತಿದೆ, ಈಗ ಏರ್ತಿದೆ. ಕ್ವಾರಿ ಕಾಣ್ತಾ ಅಂತ ಕೇಳಿದ್ಲು. ಕಾಣ್ತು ಅಂದೆ. ಹೀಗೆ ನಿನ್ನ ಇಳಿಸಿದ್ವಿ ಹನ್ನೊಂದು ಐದಕ್ಕೆ. ಆಗ ನಂಗೂ ಅದು ನಿಜಾನೇ.” ಅಕ್ಕ ಒಂದು ಗುಟುಕು ನೀರು ಕುಡಿದಳು. “ಹನ್ನೊಂದೂವರೆಗೆ ನಿಮ್ ಭಾವ ಫೋನ್ ಮಾಡಿ ಅವನು ಬಂದಿಲ್ಲ ಅಂದ್ರು. ಅಮ್ಮ ನನ್ನ ಮುಖಾನೇ ನೋಡ್ತಿದ್ಲು. ನಾನೇನು ಮಾಡ್ಲಿ? ವಿಮಾನ ತಡವಂತಮ್ಮಾ, ಈಗಿನ್ನೂ ಹೊರಡ್ತಿದೆ ಅಂದೆ. ಮತ್ತೆ ಮೊದ್ಲಿಂದ ಹಾರಿಸ್ದೆ. ಏಳು ನಿಮಿಷ ನೆಲ. ಹದಿಮೂರು ನಿಮಿಷ ಏರೋದು. ನದಿ ಬಂತಾ ಅಂದ್ಲು. ಬಂತು ಅಂದೆ.”

ಅವನು ಕಿಟಕಿಯ ಕಡೆ ನೋಡಿದ. ಕೆಳಗೆ ನದಿಯಿತ್ತು. ಇಪ್ಪತ್ತೊಂದು ವರ್ಷ ಊರವರಿಗೆಲ್ಲ ತೋರಿಸಿದ ನದಿಯನ್ನು ಅವನು ಮೊದಲ ಸಲ ನೋಡುತ್ತಿದ್ದ. ಅವನು ಹೇಳುತ್ತಿದ್ದುದಕ್ಕಿಂತ ತುಂಬ ತೆಳ್ಳಗಿತ್ತು.

“ಇಳಿಯೋ ಹೊತ್ತಿಗೆ ಉಸಿರು ತುಂಬಾ ಕಷ್ಟ ಆಯ್ತು. ಈಗ ಇಳೀತಾ ಇದೆ ಅಮ್ಮಾ, ಇನ್ನು ಹತ್ತು ನಿಮಿಷ ಅಂದೆ. ಅವಳು ನನ್ನ ಕೈ ಹಿಡ್ಕೊಂಡು, ‘ಅವನಿಗೆ ಕಿವಿ ನೋಯ್ತಿರುತ್ತೆ, ನುಂಗು ಅಂತ ಹೇಳೇ’ ಅಂದ್ಲು. ತಾನೂ ಒಂದ್ಸಲ ಎಂಜಲು ನುಂಗಿದ್ಲು. ಅಷ್ಟೇ. ವಿಮಾನ ಇನ್ನೂ ಇಳಿದಿರ್ಲಿಲ್ಲ.”

ಅವನು ಲೆಕ್ಕ ಹಾಕಿದ, ಮಧ್ಯಾಹ್ನ ಹನ್ನೆರಡು ಇಪ್ಪತ್ತು. ಆ ಹೊತ್ತಿಗೆ ತಾನೆಲ್ಲಿದ್ದೆ ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು. ಬಸ್ಸನ್ನು ಊಟಕ್ಕೆ ನಿಲ್ಲಿಸಿದ್ದರು. ಅವನು ಕೆಳಗಿಳಿದು ಟೀ ಕುಡಿಯುತ್ತಿದ್ದ. ಸಕ್ಕರೆ ಕಡಿಮೆಯಾಯಿತು ಎಂದು ಹೋಟೆಲಿನವನ ಮೇಲೆ ರೇಗಿದ್ದ ಕೂಡ.

ಫ್ಯಾನುಗಳ ದನಿ ಇಳಿಯಿತು, ವಿಮಾನದ ಮೂಗು ಕೆಳಗಾಯಿತು. ಸ್ವಲ್ಪ ಹೊತ್ತಿನಲ್ಲೇ ಎಡಗಿವಿಯೊಳಗೆ ಏನೋ ಬಿಗಿದುಕೊಂಡಿತು. ಆಮೇಲೆ ನೋವು ಸೂಜಿಯಂತೆ ಒಳಕ್ಕೆ ಇಳಿಯಿತು. ಅವನು ತೀರ ಸಣ್ಣದೆಂದು ತಿಳಿದಿದ್ದ, ನೂರಾರು ಮುದುಕಿಯರಿಗೆ ನಗುನಗುತ್ತ ಹೇಳಿದ್ದ ನೋವು ಇಷ್ಟು ದೊಡ್ಡದು. ಕೈ ತಾನಾಗಿ ಕಿವಿಗೆ ಹೋಯಿತು. ಕಣ್ಣಲ್ಲಿ ನೀರು ತುಂಬಿತು. ಅದು ಕಿವಿಯದೋ ಬೇರೆಯದೋ ಎಂದು ಅವನು ವಿಚಾರಿಸಿಕೊಳ್ಳಲು ಹೋಗಲಿಲ್ಲ. ಐವತ್ತಾರು ವರ್ಷದ ಗಂಡಸು, ತುಂಬಿದ ವಿಮಾನದಲ್ಲಿ, ಪರಿಚಯದವರ ಮುಂದೆ, ಬಿಕ್ಕಿ ಬಿಕ್ಕಿ ಅತ್ತ.

ಅಕ್ಕ ಚೀಲದಿಂದ ಒಂದು ಪೆಪ್ಪರ್‌ಮಿಂಟು ತೆಗೆದು ಕಾಗದ ಬಿಡಿಸಿ ಅವನ ಬಾಯಿಗೆ ಹಾಕಿದಳು.

“ನುಂಗು” ಎಂದಳು. “ಅಮ್ಮ ಹೇಳಿದ್ಲು. ಹೇಳೋಕೆ ನಂಗೆ ಇವತ್ತಿನ ತನಕ ಆಗಿರ್ಲಿಲ್ಲ.”

ವಿಮಾನ ಹನ್ನೊಂದು ಐದಕ್ಕೆ ಸರಿಯಾಗಿ ನಿಂತಿತು. ಅಕ್ಕನ ಕುರ್ಚಿಯನ್ನು ಕೆಳಗಿಳಿಸಿ ತಳ್ಳಿಕೊಂಡು ಹೋದರು. ಅವನು ಎರಡು ಚೀಲ ಹಿಡಿದು ಹಿಂದೆ ನಡೆದ. ಈ ಕಡೆಯ ಹಜಾರವೂ ಆ ಕಡೆಯದರಂತೆಯೇ ಇತ್ತು. ಅವೇ ಕಬ್ಬಿಣದ ಕುರ್ಚಿ, ಅದೇ ತೂಕದ ಯಂತ್ರ. ವಿಚಾರಣೆ ಕೌಂಟರಿನಲ್ಲಿ ಕನ್ನಡಕದ ತೆಳ್ಳಗಿನ ಮನುಷ್ಯನೊಬ್ಬ ಕೂತಿದ್ದ. ದೂರದಿಂದಲೇ ಎದ್ದು ನಿಂತು, “ಬನ್ನಿ ಸಾರ್” ಎಂದ. ಅದೇ ದನಿ. ಮೈಲಿಗಲ್ಲು ತಲೆಯಾಡಿಸಿದ. ಆ ಮನುಷ್ಯನ ಕಣ್ಣು ನೋಡಲು ಅವನಿಂದ ಆಗಲಿಲ್ಲ.

ಗಾಜಿನ ಬಾಗಿಲ ಆಚೆ ಭಾವ ನಿಂತಿದ್ದರು. ಹೊರಗೆ ಬರುತ್ತಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿ ನೋಡಿ ಬಿಡುತ್ತಿದ್ದರು. ಅಕ್ಕನ ಕುರ್ಚಿ ಕಂಡಿತು, ಅವರು ಒಂದು ಹೆಜ್ಜೆ ಮುಂದೆ ಬಂದರು. ಆದರೂ ಅವರ ಕಣ್ಣು ಅವಳನ್ನು ದಾಟಿ ಹಿಂದಕ್ಕೆ ಹುಡುಕಿತು. ಏಳು ವರ್ಷದ ಹಿಂದೆಯೂ ಹೀಗೇ ನಿಂತು ಹುಡುಕಿರಬೇಕು. ಆ ನೋಟ ಅವನ ಮೇಲೆ ಬಂದು ನಿಂತಿತು.

ಅವನು ಅವರ ಎದುರಿಗೆ ಹೋಗಿ ಚೀಲಗಳನ್ನು ಕೆಳಗಿಟ್ಟ. ಎಡಗಿವಿ ಇನ್ನೂ ಕಟ್ಟಿತ್ತು. ಹಾಗಾಗಿ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯಲಿಲ್ಲ.

“ಭಾವ,” ಎಂದ, “ಅವತ್ತು ಭಾರ ಜಾಸ್ತಿ ಆಗಿರ್ಲಿಲ್ಲ. ನಾನೇ ಹತ್ತಲಿಲ್ಲ.”

ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೌಂಟರಿನವನು ತಲೆ ತಗ್ಗಿಸಿ ಯಾವುದೋ ಕಾಗದ ಹುಡುಕತೊಡಗಿದ.

ಭಾವ ಬಗ್ಗಿ ಒಂದು ಚೀಲವನ್ನು ಎತ್ತಿಕೊಂಡರು. ಏನೋ ಹೇಳಿದರು. ಅವನಿಗೆ ಕೇಳಲಿಲ್ಲ. ಕಿವಿ ತೋರಿಸಿದ. ಭಾವ ಅವನ ಬಲಗಡೆಗೆ ಬಂದು, ಕಿವಿಯ ಹತ್ತಿರ ಬಾಯಿ ತಂದು ಇನ್ನೊಮ್ಮೆ ಹೇಳಿದರು.

“ಅವತ್ತು ಮುಕ್ಕಾಲು ಗಂಟೆ ನಿಂತಿದ್ದೆ ಇಲ್ಲಿ. ಈಗ ನಡಿ, ಗಾಡಿ ಆ ಕಡೆ ನಿಲ್ಸಿದೀನಿ.”

ಇನ್ನೊಂದು ಚೀಲವನ್ನು ಅವನೇ ಎತ್ತಿಕೊಂಡು ಅವರ ಹಿಂದೆ ನಡೆದ.